ಬ್ರಿಟನ್ನಿನ ರೈಲುಗಳಲ್ಲಿ ರಿಯಾಯಿತಿ ಕಾರ್ಡ್ ಮತ್ತು ಆಫ್-ಪೀಕ್ ಟಿಕೆಟ್: ದಟ್ಟಣೆಯ ಹೊತ್ತಿನಲ್ಲಿ ಬಳಸುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ಅನೇಕ ಮನೆಗಳ ಮಕ್ಕಳು ಈಗ ಬ್ರಿಟನ್ನಿನಲ್ಲಿ ಓದುತ್ತಿದ್ದಾರೆ ಅಥವಾ ಕೆಲಸದಲ್ಲಿದ್ದಾರೆ. ಅಡಿಕೆ ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಮಾಲು ಮಂಡಿಗೆ ಹೋದ ಮೇಲೆ ಏಪ್ರಿಲ್‌ನಲ್ಲಿ ಹೊರಟು, ಮಳೆ ಹಿಡಿಯುವ ಮೊದಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಹಿಂದಿರುಗುವ ತಂದೆತಾಯಿಯರು ಒಂದು ಕಡೆಯಾದರೆ, ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಓದಿಗೆ ಹೋಗುವ ಹುಡುಗ ಹುಡುಗಿಯರು ಇನ್ನೊಂದು ಕಡೆ. ಇಬ್ಬರಿಗೂ ಅಲ್ಲಿನ ರೈಲು ದರ ಮೊದಲ ವಾರದಲ್ಲೇ ದಿಗಿಲು ಹುಟ್ಟಿಸುತ್ತದೆ, ಮತ್ತು ಇಬ್ಬರಿಗೂ ಯಾರಾದರೊಬ್ಬರು ‘ರೈಲ್‌ಕಾರ್ಡ್ ಮಾಡಿಸಿಕೊಳ್ಳಿ, ಮೂರರಲ್ಲೊಂದು ಪಾಲು ಉಳಿಯುತ್ತದೆ’ ಎಂದು ಹೇಳುತ್ತಾರೆ. ಮಾತು ನಿಜ. ರೈಲ್‌ಕಾರ್ಡ್ ಎಂದರೆ ಹಣ ಕೊಟ್ಟು ಕೊಳ್ಳುವ, ಒಂದು ವರ್ಷದವರೆಗೆ ಟಿಕೆಟ್ ದರದಲ್ಲಿ ರಿಯಾಯಿತಿ ಕೊಡಿಸುವ ಕಾರ್ಡ್. ಆದರೆ ಕಾರ್ಡ್ ಕೈಯಲ್ಲಿದ್ದೂ ಬೆಳಗಿನ ರೈಲಿನಲ್ಲಿ ಹೆಚ್ಚುವರಿ ಹಣ ಕಟ್ಟಬೇಕಾದ ಪ್ರಸಂಗಗಳು ಸಾಕಷ್ಟು ನಡೆಯುವುದರಿಂದ, ಹೊರಡುವ ಮೊದಲೇ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಶಿವಮೊಗ್ಗ ಟೌನ್ ನಿಲ್ದಾಣದಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಹೋದ ಮಾತ್ರಕ್ಕೆ ಹೆಚ್ಚು ದರ, ಮಧ್ಯಾಹ್ನ ಹೋದ ಮಾತ್ರಕ್ಕೆ ಕಡಿಮೆ ದರ ಎಂಬುದಿಲ್ಲ. ರೈಲಿನ ಬಗೆ, ದರ್ಜೆ ಮತ್ತು ದೂರ ದರವನ್ನು ನಿರ್ಧರಿಸುತ್ತವೆ. ಹಿರಿಯ ನಾಗರಿಕರ ರಿಯಾಯಿತಿ ಇದ್ದ ಕಾಲದಲ್ಲೂ, ಅಂದರೆ 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸುವವರೆಗೆ, ಗಡಿಯಾರ ನೋಡಿ ರಿಯಾಯಿತಿ ಕೊಡುವ ಪದ್ಧತಿ ಇರಲಿಲ್ಲ. ಬ್ರಿಟನ್ನಿನಲ್ಲಿ ಕಚೇರಿಗೆ ಹೋಗುವವರ ದಟ್ಟಣೆಯ ಹೊತ್ತನ್ನು ಪೀಕ್ ಎಂದೂ ಉಳಿದ ಹೊತ್ತನ್ನು ಆಫ್-ಪೀಕ್ ಎಂದೂ ವಿಂಗಡಿಸಿ, ಹೊತ್ತಿಗೆ ತಕ್ಕಂತೆ ಟಿಕೆಟ್ ಮಾರುತ್ತಾರೆ. ಅದರ ಮೇಲೆ ರೈಲ್‌ಕಾರ್ಡಿಗೂ ಅದರದೇ ಆದ ಹೊತ್ತಿನ ನಿಯಮ ಇರುತ್ತದೆ. ಈ ಎರಡು ನಿಯಮಗಳು ಬೇರೆ ಬೇರೆ. ಒಂದು ಒಪ್ಪಿದ ಮಾತ್ರಕ್ಕೆ ಇನ್ನೊಂದು ಒಪ್ಪಿತೆಂದು ಅರ್ಥವಲ್ಲ. ಈ ಬರಹದಲ್ಲಿ ಮುಖ್ಯವಾಗಿ ಮನದಟ್ಟು ಮಾಡಿಕೊಡಬೇಕೆಂದಿರುವುದು ಇದನ್ನೇ. ನೀವು ಹತ್ತುವ ರೈಲು ಟಿಕೆಟ್ಟಿನ ನಿಯಮಕ್ಕೂ ಸರಿಹೊಂದಬೇಕು, ಕಾರ್ಡಿನ ನಿಯಮಕ್ಕೂ ಸರಿಹೊಂದಬೇಕು.

ಮೊದಲು ಟಿಕೆಟ್ಟಿನ ವಿಷಯ. ‘ಎನಿಟೈಮ್’ ಟಿಕೆಟ್ಟಿಗೆ ಹೊತ್ತಿನ ಕಟ್ಟಿಲ್ಲ, ಆದ್ದರಿಂದ ಅದೇ ದುಬಾರಿ. ‘ಆಫ್-ಪೀಕ್’ ಟಿಕೆಟ್ಟಿನಲ್ಲಿ ದಟ್ಟಣೆಯ ಹೊತ್ತು ಬಿಟ್ಟು ಉಳಿದ ಯಾವ ರೈಲನ್ನಾದರೂ ಹತ್ತಬಹುದು. ‘ಸೂಪರ್ ಆಫ್-ಪೀಕ್’ ಅದಕ್ಕಿಂತ ಅಗ್ಗ, ಆದರೆ ಹತ್ತಬಹುದಾದ ರೈಲುಗಳು ಇನ್ನೂ ಕಡಿಮೆ. ‘ಅಡ್ವಾನ್ಸ್’ ಟಿಕೆಟ್ ಎಂಬುದು ಮುಂಗಡವಾಗಿ ಕೊಳ್ಳುವ, ನಮೂದಿಸಿದ ಒಂದೇ ರೈಲಿಗೆ ಅನ್ವಯಿಸುವ ಟಿಕೆಟ್. ಆ ರೈಲು ಬಿಟ್ಟು ಬೇರೆ ರೈಲು ಹತ್ತಿದರೆ ಅದು ಕೆಲಸಕ್ಕೆ ಬಾರದು. ಸಾಮಾನ್ಯವಾಗಿ ದೊಡ್ಡ ಊರುಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9:30ರ ಬಳಿಕ, ಉಳಿದ ಕಡೆ 9 ಗಂಟೆಯ ಬಳಿಕ ಆಫ್-ಪೀಕ್ ಆರಂಭವಾಗುತ್ತದೆ ಎಂದು ಹೇಳುವುದುಂಟು. ಇದನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಬೇಕು, ಏಕೆಂದರೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಆಫ್-ಪೀಕ್ ವೇಳೆ ಎಂಬುದಿಲ್ಲ. ಪ್ರತಿ ಟಿಕೆಟ್ಟಿಗೂ ಒಂದು ನಿರ್ಬಂಧ ಸಂಕೇತವಿದ್ದು, ಯಾವ ನಿಲ್ದಾಣದಿಂದ ಎಷ್ಟು ಗಂಟೆಗೆ ಮೊದಲು ಹೊರಡುವ ರೈಲನ್ನು ಹತ್ತಬಾರದು ಎಂಬ ವಿವರ ಆ ಸಂಕೇತದಡಿ ಇರುತ್ತದೆ. ಮೊಬೈಲಿನಲ್ಲಿ ಟಿಕೆಟ್ ಕೊಳ್ಳುವಾಗ ಟಿಕೆಟ್ಟಿನ ಹೆಸರಿನ ಬಳಿ ನಿಯಮಗಳನ್ನು ತೋರಿಸುವ ಕೊಂಡಿ ಇರುತ್ತದೆ. ಹಣ ಕಟ್ಟುವ ಮೊದಲು ಅದನ್ನು ಒತ್ತಿ ಓದುವುದಕ್ಕೆ ಎರಡು ನಿಮಿಷ ಸಾಕು.

ಶನಿವಾರ, ಭಾನುವಾರ ಮತ್ತು ಅಲ್ಲಿ ಬ್ಯಾಂಕ್ ಹಾಲಿಡೇ ಎನ್ನುವ ಸಾರ್ವಜನಿಕ ರಜೆಗಳಂದು ಬೆಳಗಿನ ಈ ಕಟ್ಟು ಸಾಮಾನ್ಯವಾಗಿ ಇರುವುದಿಲ್ಲ. ಬೇಸಿಗೆಗೆ ಹೋಗುವ ನಮ್ಮವರಿಗೆ ಇದು ಉಪಯೋಗದ ಮಾತು: ಇಂಗ್ಲೆಂಡಿನಲ್ಲಿ ಮೇ ತಿಂಗಳ ಮೊದಲ ಸೋಮವಾರ, ಕೊನೆಯ ಸೋಮವಾರ ಮತ್ತು ಆಗಸ್ಟ್ ತಿಂಗಳ ಕೊನೆಯ ಸೋಮವಾರ ಸಾಮಾನ್ಯವಾಗಿ ರಜೆ. ಸ್ಕಾಟ್ಲೆಂಡಿನಲ್ಲಿ ಸ್ಕಾಟ್‌ರೈಲ್ ಸಂಸ್ಥೆ 2025ರ ಸೆಪ್ಟೆಂಬರ್ 1ರಿಂದ ಪೀಕ್ ದರವನ್ನೇ ತೆಗೆದುಹಾಕಿದೆ; ಎಡಿನ್‌ಬರೋದಿಂದ ಗ್ಲಾಸ್ಗೋಗೆ ಅವರ ರೈಲಿನಲ್ಲಿ ಬೆಳಗ್ಗೆ 8 ಗಂಟೆಗೆ ಹೋದರೂ ದರದಲ್ಲಿ ವ್ಯತ್ಯಾಸವಿಲ್ಲ.

ಇನ್ನು ಕಾರ್ಡುಗಳು. ಬಹುತೇಕ ಎಲ್ಲ ರೈಲ್‌ಕಾರ್ಡುಗಳ ಒಂದು ವರ್ಷದ ಬೆಲೆ 2025ರ ಮಾರ್ಚ್‌ನಲ್ಲಿ 30 ಪೌಂಡಿನಿಂದ 35 ಪೌಂಡಿಗೆ ಏರಿತು. ಮೂರರಲ್ಲೊಂದು ಪಾಲು ರಿಯಾಯಿತಿ ಎಂದರೆ ಮೂಲ ದರದಲ್ಲಿ ಒಟ್ಟು 105 ಪೌಂಡಿನ ಪ್ರಯಾಣ ಮಾಡಿದಾಗ ಕಾರ್ಡಿನ ಬೆಲೆ ಹುಟ್ಟಿತು ಎಂದು ಲೆಕ್ಕ. ದೂರದ ಊರಿಗೆ ಒಮ್ಮೆ ಹೋಗಿ ಬಂದರೆ ಅಷ್ಟು ಆಗಿಬಿಡುವುದು ಅಪರೂಪವಲ್ಲ. ಕಾರ್ಡ್ ಕೊಳ್ಳಲು ಬ್ರಿಟನ್ನಿನ ನಿವಾಸಿಯೇ ಆಗಿರಬೇಕೆಂದಿಲ್ಲ. ಪ್ರವಾಸಿಗಳು ತಮ್ಮ ಪಾಸ್‌ಪೋರ್ಟ್ ಆಧಾರದ ಮೇಲೆ ಕೊಳ್ಳಬಹುದು.

60 ವರ್ಷ ತುಂಬಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ. ಇದರ ಹೊತ್ತಿನ ನಿಯಮ ಸ್ವಲ್ಪ ವಿಚಿತ್ರವಾಗಿದ್ದು, ಅದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಇಡೀ ಪ್ರಯಾಣ ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಒಳಗೇ ಇದ್ದರೆ, ಕೆಲಸದ ದಿನಗಳ ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಈ ಕಾರ್ಡಿನ ರಿಯಾಯಿತಿ ಸಿಗುವುದಿಲ್ಲ. ಆ ವಲಯದ ಹೊರಗೆ ಕಾರ್ಡಿಗೆ ಅಂತಹ ಬೆಳಗಿನ ಕಟ್ಟಿಲ್ಲ. ಮಗಳ ಮನೆ ರೆಡಿಂಗ್‌ನಲ್ಲಿದ್ದು, ಬೆಳಗ್ಗೆ 8 ಗಂಟೆಗೆ ಲಂಡನ್ನಿಗೆ ಹೊರಟರೆ ಸೀನಿಯರ್ ಕಾರ್ಡ್ ಜೇಬಿನಲ್ಲೇ ಉಳಿಯುತ್ತದೆ, ಪೂರ್ಣ ದರ ಕೊಡಬೇಕು. ಮಗ ಮ್ಯಾಂಚೆಸ್ಟರಿನಲ್ಲಿದ್ದು, ಅದೇ ಹೊತ್ತಿಗೆ ಅಲ್ಲಿಂದ ಬರ್ಮಿಂಗ್‌ಹ್ಯಾಮಿಗೆ ಹೊರಟರೆ ಎನಿಟೈಮ್ ಟಿಕೆಟ್ಟಿನ ಮೇಲೂ ಮೂರರಲ್ಲೊಂದು ಪಾಲು ಕಡಿತವಾಗುತ್ತದೆ. ಹಾಗೆಂದು ಕಡಿತದ ದರದಲ್ಲಿ ಕೊಂಡ ಆಫ್-ಪೀಕ್ ಟಿಕೆಟ್ಟಿನಲ್ಲಿ ಆ 8 ಗಂಟೆಯ ರೈಲು ಹತ್ತುವಂತಿಲ್ಲ: ಅಲ್ಲಿ ಕಾರ್ಡ್ ಒಪ್ಪುತ್ತದೆ, ಟಿಕೆಟ್ ಒಪ್ಪುವುದಿಲ್ಲ.

ಗಂಡಹೆಂಡತಿ ಇಬ್ಬರೂ ಹೋಗುವುದಾದರೆ ಟೂ ಟುಗೆದರ್ ಎಂಬ ಕಾರ್ಡಿನ ಕಡೆ ಗಮನ ಹರಿಸಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರ ಹೆಸರು ಮತ್ತು ಇಬ್ಬರ ಭಾವಚಿತ್ರ. 16 ವರ್ಷ ಮೇಲ್ಪಟ್ಟ ಯಾರಾದರೂ ಇಬ್ಬರು ಸೇರಿ ಮಾಡಿಸಿಕೊಳ್ಳಬಹುದು, ದಂಪತಿಯೇ ಆಗಬೇಕೆಂದಿಲ್ಲ. ರಾಯರಿಗೆ 66, ಅವರ ಮನೆಯವರಿಗೆ 58 ಎಂದಿದ್ದರೆ ಸೀನಿಯರ್ ಕಾರ್ಡ್ ಒಬ್ಬರಿಗೆ ಮಾತ್ರ ಸಿಗುತ್ತದೆ, ಟೂ ಟುಗೆದರ್ ಇಬ್ಬರಿಗೂ ನಡೆಯುತ್ತದೆ. ಇಬ್ಬರಿಗೂ 60 ದಾಟಿದ್ದರೂ 70 ಪೌಂಡಿಗೆ ಬದಲು 35 ಪೌಂಡಿನಲ್ಲಿ ಕೆಲಸ ಮುಗಿಯುತ್ತದೆ. ಇದರ ಕಟ್ಟು ಸರಳ, ಆದರೆ ಸಡಿಲವಿಲ್ಲದ್ದು: ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9:30ಕ್ಕೆ ಮೊದಲು ದೇಶದ ಯಾವ ಮೂಲೆಯಲ್ಲೂ ಇದು ನಡೆಯುವುದಿಲ್ಲ, ಮತ್ತು ಪ್ರಯಾಣದ ಉದ್ದಕ್ಕೂ ಇಬ್ಬರೂ ಜೊತೆಯಲ್ಲೇ ಇರಬೇಕು. ಅತ್ತೆಗೆ ಮೊಮ್ಮಗುವಿನ ಬಳಿ ಇರಬೇಕಾಗಿ ಬಂದು ಮಾವನವರು ಒಬ್ಬರೇ ಹೊರಟರೆ ಕಾರ್ಡ್ ಕೆಲಸ ಮಾಡುವುದಿಲ್ಲ. ಇಲ್ಲಿ ಒಂದು ಬಲೆ ಇದೆ. ಕೆಲವು ಊರುಗಳಲ್ಲಿ ಆಫ್-ಪೀಕ್ ಟಿಕೆಟ್ 9 ಗಂಟೆಗೇ ಶುರುವಾಗುತ್ತದೆ. 9:10ರ ರೈಲಿಗೆ ಟಿಕೆಟ್ ಸರಿಯಾಗಿದ್ದರೂ ಟೂ ಟುಗೆದರ್ ಕಾರ್ಡಿನ ಹೊತ್ತು ಇನ್ನೂ ಬಂದಿರುವುದಿಲ್ಲ. ಹೀಗೆ ಟಿಕೆಟ್ ಒಪ್ಪಿದರೂ ಕಾರ್ಡ್ ಒಪ್ಪದ ಪ್ರಯಾಣ ಅದಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೂರು ತಿಂಗಳು ಮಕ್ಕಳ ಮನೆಯಲ್ಲಿದ್ದು, ನಡುನಡುವೆ ಜೊತೆಯಾಗಿ ಊರು ನೋಡಿಬರುವ ದಂಪತಿಗೆ ಟೂ ಟುಗೆದರ್ ಕಾರ್ಡೇ ಸೂಕ್ತ. ಒಬ್ಬೊಬ್ಬರೇ ಓಡಾಡುವವರು ಮತ್ತು ದೂರದ ಊರಿಗೆ ಬೆಳಗಿನ ರೈಲೇ ಬೇಕೆನ್ನುವವರು ಸೀನಿಯರ್ ಕಾರ್ಡ್ ಮಾಡಿಸುವುದು ಒಳ್ಳೆಯದು.

ಮೊಮ್ಮಕ್ಕಳೊಡನೆ ಹೋಗುವವರಿಗೆ ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ಕಾರ್ಡ್ ಇದೆ. ಒಂದು ಕಾರ್ಡಿನ ಮೇಲೆ 4 ವಯಸ್ಕರು, 5ರಿಂದ 15 ವರ್ಷದ 4 ಮಕ್ಕಳವರೆಗೆ ಹೋಗಬಹುದು. ವಯಸ್ಕರಿಗೆ ಮೂರರಲ್ಲೊಂದು ಪಾಲು, ಮಕ್ಕಳಿಗೆ ಶೇಕಡ 60 ರಿಯಾಯಿತಿ. ಕನಿಷ್ಠ ಒಂದು ಮಗು ಟಿಕೆಟ್ ಸಹಿತ ಜೊತೆಯಲ್ಲಿರಲೇಬೇಕು. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಕಿಲ್ಲವಾದರೂ, ಬೇರೆ ಮಕ್ಕಳಿಲ್ಲದಾಗ ಆ ಮಗುವಿಗೂ ಒಂದು ಟಿಕೆಟ್ ಕೊಂಡು ವಯಸ್ಕರೆಲ್ಲರ ರಿಯಾಯಿತಿ ಪಡೆಯುವುದುಂಟು. ಹೊತ್ತಿನ ಕಟ್ಟು ಸೀನಿಯರ್ ಕಾರ್ಡಿನಂತೆಯೇ, ಲಂಡನ್ ಮತ್ತು ಆಗ್ನೇಯ ವಲಯದ ಬೆಳಗಿನ ದಟ್ಟಣೆಗೆ ಸೀಮಿತ. ಅಂಗವೈಕಲ್ಯವಿರುವವರ ಕಾರ್ಡಿಗೆ ಹೊತ್ತಿನ ಕಟ್ಟೇ ಇಲ್ಲ, ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಇದೆ.

ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನವಾಗಿ ಓದಬೇಕಾದ ನಿಯಮವೊಂದಿದೆ. 16ರಿಂದ 25 ವರ್ಷದವರಿಗೆ ಒಂದು ಕಾರ್ಡ್, 26ರಿಂದ 30 ವರ್ಷದವರಿಗೆ ಇನ್ನೊಂದು. 26 ದಾಟಿದವರು ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ 16-25 ಕಾರ್ಡನ್ನೇ ಪಡೆಯಬಹುದು. ಇಲ್ಲಿ ಕೆಲವು ವರ್ಷ ಕೆಲಸ ಮಾಡಿ ಆಮೇಲೆ ಓದಲು ಹೋಗುವವರು ಇದನ್ನು ತಿಳಿದಿರಬೇಕು. ಈ ಕಾರ್ಡುಗಳನ್ನು ಬೆಳಗ್ಗೆಯೂ ಬಳಸಬಹುದು, ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ 4:30ರಿಂದ 10 ಗಂಟೆಯವರೆಗಿನ ಪ್ರಯಾಣಕ್ಕೆ 12 ಪೌಂಡಿನ ಕನಿಷ್ಠ ದರ ಅನ್ವಯಿಸುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಎನಿಟೈಮ್ ಟಿಕೆಟ್ಟಿನ ಮೂಲ ದರ 30 ಪೌಂಡ್ ಎಂದಿಟ್ಟುಕೊಳ್ಳಿ. ಕಡಿತವಾದ ಮೇಲೆ 20; ಅದು 12ಕ್ಕಿಂತ ಹೆಚ್ಚಿರುವುದರಿಂದ 20 ಪೌಂಡೇ ಕೊಡುತ್ತೀರಿ, ತೊಂದರೆಯಿಲ್ಲ. ಮೂಲ ದರ 15 ಪೌಂಡ್ ಆದರೆ ಕಡಿತದ ದರ 10 ಆಗಬೇಕಿತ್ತು, ಆದರೆ ಬೆಳಗ್ಗೆ 10ಕ್ಕೆ ಮೊದಲು 12 ಪೌಂಡ್ ಕೊಡಬೇಕು. ಮೂಲ ದರ 9 ಪೌಂಡ್ ಆದರೆ ಅದು ಕನಿಷ್ಠ ದರಕ್ಕಿಂತಲೂ ಕಡಿಮೆ, ಹಾಗಾಗಿ ರಿಯಾಯಿತಿಯೇ ಇಲ್ಲ, 9 ಪೌಂಡ್ ಪೂರ್ಣವಾಗಿ ಕೊಡಬೇಕು. ಸಮಸ್ಯೆ ಏಳುವುದು ಹೀಗೆ: ಅದೇ 9 ಪೌಂಡಿನ ಎನಿಟೈಮ್ ಟಿಕೆಟ್ಟನ್ನು 10 ಗಂಟೆಯ ನಂತರದ ಪ್ರಯಾಣಕ್ಕೆಂದು 6 ಪೌಂಡಿಗೆ ಕೊಂಡು, ಬಳಿಕ 9 ಗಂಟೆಯ ರೈಲು ಹತ್ತಿದರೆ ಟಿಕೆಟ್ಟಿನ ಹೆಸರಿನಲ್ಲಿ ‘ಯಾವ ಹೊತ್ತಿಗಾದರೂ’ ಎಂದಿದ್ದರೂ ಅದು ಅಲ್ಲಿ ಸಲ್ಲುವುದಿಲ್ಲ. 2024ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಸುದ್ದಿಯಾದದ್ದು ಇಂತಹುದೇ ಒಂದು ಪ್ರಕರಣ. ಯುವ ಪ್ರಯಾಣಿಕರೊಬ್ಬರು 10 ಗಂಟೆಗೆ ಮೊದಲು ಕಡಿತದ ಎನಿಟೈಮ್ ಟಿಕೆಟ್ಟಿನಲ್ಲಿ ಪ್ರಯಾಣ ಮಾಡಿದ್ದರು. ಕಡಿಮೆ ಬಿದ್ದ ಹಣ 1 ಪೌಂಡ್ 90 ಪೆನ್ಸ್ ಮಾತ್ರ, ಆದರೂ ಮೊಕದ್ದಮೆ ಹೂಡುವ ಎಚ್ಚರಿಕೆ ಬಂತು. ಜನರ ಆಕ್ಷೇಪದ ನಂತರ ಅದನ್ನು ಕೈಬಿಟ್ಟರು. ಅಷ್ಟು ಚಿಕ್ಕ ಮೊತ್ತಕ್ಕೆ ಒಬ್ಬ ಪ್ರಾಮಾಣಿಕ ಪ್ರಯಾಣಿಕನನ್ನು ಅಪರಾಧಿಯಂತೆ ಕಾಣುವುದು ಅನ್ಯಾಯವೆಂದೇ ನಾನು ನಂಬುತ್ತೇನೆ. ಆದರೆ ವೀಸಾದ ಮೇಲೆ ಇರುವ ನಮ್ಮ ಮಕ್ಕಳು ಇಂತಹ ಪತ್ರವ್ಯವಹಾರಕ್ಕೆ ಸಿಕ್ಕಿಕೊಳ್ಳದಿರುವುದೇ ಲೇಸು. 16-25 ಕಾರ್ಡಿಗೆ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಈ ಕನಿಷ್ಠ ದರ ಇರುವುದಿಲ್ಲ. ಬೇರೆ ಕಾರ್ಡುಗಳಿಗೂ ಹಾಗೆಯೇ ಎಂದು ಊಹಿಸಿಕೊಳ್ಳಬೇಡಿ.

ಈಗ ಕೊಳ್ಳುವ ಕ್ರಮ. ನ್ಯಾಷನಲ್ ರೈಲ್ ಜಾಲತಾಣದಲ್ಲಿ ಅಥವಾ ಯಾವುದೇ ರೈಲು ಸಂಸ್ಥೆಯ ಆ್ಯಪಿನಲ್ಲಿ ಹೊರಡುವ ಊರು, ತಲುಪುವ ಊರು, ದಿನಾಂಕ, ಮತ್ತು ನೀವು ನಿಜವಾಗಿ ಹೊರಡುವ ಹೊತ್ತನ್ನು ಕೊಡಿ. ರೈಲ್‌ಕಾರ್ಡಿನ ಹೆಸರು ಆರಿಸುವ ಜಾಗದಲ್ಲಿ ಸರಿಯಾದ ಕಾರ್ಡನ್ನೂ ಎಷ್ಟು ಕಾರ್ಡ್ ಎಂಬುದನ್ನೂ ತಿಳಿಸಿ: ಸೀನಿಯರ್ ಆದರೆ ಇಬ್ಬರಿಗೆ 2, ಟೂ ಟುಗೆದರ್ ಆದರೆ ಇಬ್ಬರಿಗೂ ಸೇರಿ 1. ಹೀಗೆ ಹುಡುಕಿದಾಗ ಆರಿಸಿದ ರೈಲಿಗೆ ಸಲ್ಲುವ ಟಿಕೆಟ್ಟುಗಳನ್ನೇ ತೋರಿಸುತ್ತಾರೆ. ಅಪಾಯ ಇರುವುದು ಕೊಂಡ ಮೇಲೆ. ರೈಲಿಗೆ ಒಂದು ಗಂಟೆ ಮೊದಲೇ ನಿಲ್ದಾಣ ಸೇರುವುದು ನಮ್ಮ ಹಿರಿಯರ ಪದ್ಧತಿ. ಅಲ್ಲಿ ಅದೇ ಊರಿಗೆ ಅರ್ಧ ಗಂಟೆಗೊಂದು ರೈಲು ಇರುವ ಮಾರ್ಗಗಳಲ್ಲಿ, 10:05ರ ಟಿಕೆಟ್ ಹಿಡಿದು ಕಾಯುತ್ತಿರುವಾಗ 9:05ರ ರೈಲು ಎದುರಿಗೇ ಬಂದು ನಿಲ್ಲುತ್ತದೆ, ಖಾಲಿಯೂ ಇರಬಹುದು, ಗೇಟೂ ತೆರೆಯಬಹುದು. ಗೇಟು ತೆರೆದ ಮಾತ್ರಕ್ಕೆ ಟಿಕೆಟ್ ಆ ರೈಲಿಗೆ ಸಲ್ಲುತ್ತದೆ ಎಂದಲ್ಲ. ನಿಮ್ಮ ಬಳಿ ಯಾವ ಕಾರ್ಡಿದೆ ಎಂಬುದು ಆ ಯಂತ್ರಕ್ಕೆ ತಿಳಿಯುವುದೂ ಇಲ್ಲ. ಬೆಂಚಿನ ಮೇಲೆ ಕೂತು ಕಾಯಿರಿ.

ಬೆಳಗಿನ ದಟ್ಟಣೆಯಲ್ಲೇ ಹೋಗಬೇಕಾದ ಅನಿವಾರ್ಯವಿದ್ದರೆ, ವಿಮಾನ ಹಿಡಿಯುವುದಕ್ಕೋ ವೀಸಾ ಕಚೇರಿಯ ನಿಗದಿತ ಭೇಟಿಗೋ, ಆಗ ಆಫ್-ಪೀಕ್ ಟಿಕೆಟ್ಟಿನ ಯೋಚನೆ ಬಿಟ್ಟು ಅಡ್ವಾನ್ಸ್ ಟಿಕೆಟ್ ಹುಡುಕುವುದು ಉತ್ತಮ. ದೂರದ ಮಾರ್ಗಗಳ ಬೆಳಗಿನ ರೈಲುಗಳಲ್ಲೂ ಅಡ್ವಾನ್ಸ್ ಟಿಕೆಟ್ಟುಗಳು ಇರುವುದುಂಟು, ಮತ್ತು ಸೀನಿಯರ್ ಕಾರ್ಡಿನ ರಿಯಾಯಿತಿ ಅವುಗಳ ಮೇಲೂ ಸಿಗುತ್ತದೆ. ಕೆಲವು ವಾರ ಮೊದಲೇ ಕೊಂಡರೆ ಎನಿಟೈಮ್ ದರಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯಬಹುದು. ಟೂ ಟುಗೆದರ್ ಇರುವವರಿಗೆ 9:30ರ ಮೊದಲು ಹೊರಡುವ ರೈಲಿನ ಅಡ್ವಾನ್ಸ್ ಟಿಕೆಟ್ಟಿನ ಮೇಲೆ ರಿಯಾಯಿತಿ ಇಲ್ಲ. ಅದನ್ನು ಕಾರ್ಡ್ ಇಲ್ಲದವರಂತೆ ಪೂರ್ಣ ದರಕ್ಕೆ ಕೊಳ್ಳಬೇಕು. ಮೂರರಿಂದ ಒಂಬತ್ತು ವಯಸ್ಕರು ಒಟ್ಟಾಗಿ ಆಫ್-ಪೀಕ್ ಹೊತ್ತಿನಲ್ಲಿ ಹೋಗುವುದಾದರೆ, ಹಲವು ಸಂಸ್ಥೆಗಳಲ್ಲಿ ಗ್ರೂಪ್‌ಸೇವ್ ಎಂಬ ಸೌಲಭ್ಯದಡಿ ಕಾರ್ಡೇ ಇಲ್ಲದೆ ಮೂರರಲ್ಲೊಂದು ಪಾಲು ಕಡಿತ ಸಿಗುತ್ತದೆ. ಅದನ್ನು ರೈಲ್‌ಕಾರ್ಡಿನೊಡನೆ ಸೇರಿಸಿ ಎರಡು ಸಲ ಕಡಿತ ಪಡೆಯಲಾಗದು.

ಸಂಜೆಯ ವಿಷಯದಲ್ಲಿ ನಿಯಮ ತಿರುಗುಮುರುಗಾಗುತ್ತದೆ. ಮೇಲೆ ಹೇಳಿದ ಕಾರ್ಡುಗಳ ಕಟ್ಟು ಬೆಳಗಿನದು. ಸಂಜೆಗೆ ಕಾರ್ಡ್ ಅಡ್ಡ ಬರುವುದಿಲ್ಲ. ಆದರೆ ಲಂಡನ್ನಿನಿಂದ ಹೊರಡುವ ಕೆಲವು ಮಾರ್ಗಗಳಲ್ಲಿ ಸಂಜೆಯ ದಟ್ಟಣೆಯ ರೈಲುಗಳಿಗೆ ಆಫ್-ಪೀಕ್ ಟಿಕೆಟ್ ಸಲ್ಲುವುದಿಲ್ಲ, ಕೆಲವು ಮಾರ್ಗಗಳಲ್ಲಿ ಸಲ್ಲುತ್ತದೆ. ಬೆಳಗ್ಗೆ ಹೋದ ಆಫ್-ಪೀಕ್ ರಿಟರ್ನ್ ಟಿಕೆಟ್ಟಿನಲ್ಲಿ ಸಂಜೆ ಯಾವ ರೈಲಿಗಾದರೂ ಬರಬಹುದೆಂದು ಭಾವಿಸದೆ, ಹಿಂದಿರುಗುವ ಪ್ರಯಾಣದ ನಿಯಮವನ್ನು ಪ್ರತ್ಯೇಕವಾಗಿ ಓದಬೇಕು.

ತಪ್ಪು ರೈಲಿಗೆ ಹೊರಟಿದ್ದೇವೆಂದು ಹತ್ತುವ ಮೊದಲೇ ತಿಳಿದರೆ ಟಿಕೆಟ್ ಕಿಟಕಿಗೆ ಹೋಗಿ ಟಿಕೆಟ್ಟನ್ನೂ ಕಾರ್ಡನ್ನೂ ತೋರಿಸಿ, ‘ಈ ರೈಲಿಗೆ ಹೋಗಬೇಕು, ಎಕ್ಸೆಸ್ ಫೇರ್ ಎಷ್ಟು?’ ಎಂದು ಕೇಳಿದರಾಯಿತು. ಆಫ್-ಪೀಕ್ ಟಿಕೆಟ್ಟಿಗೂ ಆ ರೈಲಿಗೆ ಸಲ್ಲುವ ಟಿಕೆಟ್ಟಿಗೂ ಇರುವ ವ್ಯತ್ಯಾಸವನ್ನಷ್ಟೇ ಕಟ್ಟಿಸಿಕೊಳ್ಳುತ್ತಾರೆ. ನಮ್ಮಲ್ಲಿ ಕೌಂಟರಿನಲ್ಲಿ ದರದ ವ್ಯತ್ಯಾಸ ಕಟ್ಟುವಂತೆಯೇ ಇದು. ಅಡ್ವಾನ್ಸ್ ಟಿಕೆಟ್ಟಿಗೆ ಈ ಅನುಕೂಲ ಹೀಗೆ ಸಿಗುವುದಿಲ್ಲ, ತಪ್ಪು ರೈಲು ಹತ್ತಿದರೆ ಹೊಸ ಟಿಕೆಟ್ ಕೊಳ್ಳಬೇಕಾಗುತ್ತದೆ. ಸಲ್ಲುವ ಟಿಕೆಟ್ಟೇ ಇಲ್ಲದೆ ಸಿಕ್ಕಿದರೆ ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ ದಂಡ 100 ಪೌಂಡ್ ಮತ್ತು ಪ್ರಯಾಣ ದರ. 21 ದಿನದೊಳಗೆ ಕಟ್ಟಿದರೆ 50 ಪೌಂಡ್ ಮತ್ತು ಪ್ರಯಾಣ ದರ. ರಿಯಾಯಿತಿ ಟಿಕೆಟ್ ಇದ್ದು ಕಾರ್ಡ್ ತೋರಿಸಲಾಗದಿದ್ದರೆ ಟಿಕೆಟ್ ಇಲ್ಲದವರಂತೆಯೇ ಪರಿಗಣಿಸಬಹುದು. ಕಾರ್ಡ್ ಮನೆಯಲ್ಲಿ ಮರೆತದ್ದಾದರೆ, ಕಟ್ಟಿದ ಹೆಚ್ಚುವರಿ ಹಣವನ್ನು ವರ್ಷಕ್ಕೆ ಒಂದು ಸಲ ಮರಳಿ ಕೇಳಲು ಅವಕಾಶವಿದೆ, ಅದಕ್ಕಾಗಿ ರಸೀದಿಯನ್ನು ಜೋಪಾನ ಮಾಡಬೇಕು.

ಮೊಬೈಲಿನ ಕಾರ್ಡ್ ಕೊಂಡ ತಕ್ಷಣ ಸಿಗುತ್ತದೆ, ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಬರಬೇಕು. ಮೊಬೈಲಿನ ಚಾರ್ಜ್ ಮುಗಿದರೆ ಅದು ಪ್ರಯಾಣಿಕರ ಹೊಣೆ, ಮತ್ತು ಕಾರ್ಡಿನ ಸ್ಕ್ರೀನ್‌ಶಾಟ್ ತೋರಿಸಿದರೆ ಒಪ್ಪುವುದಿಲ್ಲ. ಮಗ ತನ್ನ ಫೋನಿನಿಂದ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಚಿತ್ರವನ್ನು ನಂಬಿ ರೈಲು ಹತ್ತಬಾರದು. ತಂದೆತಾಯಿಯ ಫೋನಿನಲ್ಲೇ ಆ್ಯಪ್ ಹಾಕಿ, ಹೊರಡುವ ಮೊದಲು ಒಮ್ಮೆ ತೆರೆದು ನೋಡಿ. ಇನ್ನೊಂದು ಸಣ್ಣ ಆದರೆ ಮುಖ್ಯ ವಿಷಯ ಹೆಸರಿನದು. ನಮ್ಮಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹಿಂದೆಯೋ ಮುಂದೆಯೋ ಇಟ್ಟು ಬರೆಯುವುದು ರೂಢಿ, ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಬಿಡಿಸಿ ಬೇರೆ ಕ್ರಮದಲ್ಲಿ ಇರಬಹುದು. ಕಾರ್ಡಿಗೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಕೊಡಬೇಕು.

ಲಂಡನ್ ನಗರದ ಒಳಗಿನ ಓಡಾಟಕ್ಕೆ ಸೀನಿಯರ್, 16-25, 26-30 ಕಾರ್ಡುಗಳನ್ನು ಆಯ್‌ಸ್ಟರ್ ಎಂಬ, ಹಣ ತುಂಬಿಸಿ ಗೇಟಿಗೆ ತಾಗಿಸುವ ಪ್ರಯಾಣದ ಕಾರ್ಡಿಗೆ ಜೋಡಿಸಬಹುದು. ಟ್ಯೂಬ್ ಎನ್ನುವ ಸುರಂಗ ರೈಲಿನ ನಿಲ್ದಾಣದ ಸಿಬ್ಬಂದಿಗೆ ಎರಡನ್ನೂ ಕೊಟ್ಟು ಕೇಳಿದರೆ ಅಲ್ಲಿಯೇ ಜೋಡಿಸಿಕೊಡುತ್ತಾರೆ. ಆ ಮೇಲೆ ಆಫ್-ಪೀಕ್ ಹೊತ್ತಿನ ದರದಲ್ಲಿ ಮೂರರಲ್ಲೊಂದು ಪಾಲು ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿ ಪೀಕ್ ಎಂದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 6:30ರಿಂದ 9:30 ಮತ್ತು ಸಂಜೆ 4ರಿಂದ 7. ಟೂ ಟುಗೆದರ್ ಕಾರ್ಡನ್ನು ಹೀಗೆ ಜೋಡಿಸಲಾಗದು, ಬ್ಯಾಂಕ್ ಕಾರ್ಡ್ ತಾಗಿಸಿ ಹೋದರೂ ಈ ರಿಯಾಯಿತಿ ಸಿಗುವುದಿಲ್ಲ. ರೈಲ್‌ಕಾರ್ಡಿನ ಅವಧಿ ಮುಗಿದೊಡನೆ ಜೋಡಣೆಯೂ ಮುಗಿಯುವುದರಿಂದ, ಮರುವರ್ಷ ಹೊಸ ಕಾರ್ಡ್ ಕೊಂಡವರು ಅದನ್ನು ಮತ್ತೊಮ್ಮೆ ಜೋಡಿಸಿಕೊಳ್ಳಬೇಕಾಗುತ್ತದೆ.